ಸಹಿಗೆ ಮೊದಲು ಓದಿಸಿಕೊಳ್ಳಿ

ಕಾಸರಗೋಡಿನ ಬದಿಯಡ್ಕ, ನೀರ್ಚಾಲು, ಪೆರ್ಲ, ಮುಳ್ಳೇರಿಯ ಕಡೆಯ ಮನೆಗಳಲ್ಲಿ ಮಗಳ ಸಂಸಾರ ಮುರಿಯುವ ಹಂತಕ್ಕೆ ಬಂದಾಗ ಮೊದಲು ನೆನಪಾಗುವುದು ಮನೆಯ ಹಳೆಯ ವಕೀಲರು. ಅವರು ಆ ಮನೆಗೆ ಬಂದದ್ದು ಭೂಮಿಯ ದಾರಿಯಲ್ಲಿ. 1970ರಲ್ಲಿ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾದ ಮೇಲೆ ಅಜ್ಜಂದಿರು ಲ್ಯಾಂಡ್ ಟ್ರಿಬ್ಯೂನಲ್ಲಿಗೆ ಅಲೆದಾಡಿದ ಕಾಲದಲ್ಲಿ ಶುರುವಾದ ಸಂಬಂಧ ಅದು; ಆಮೇಲೆ ಪಾಲುಪಟ್ಟಿ, ಬೇಲಿ ತಕರಾರು, ತೋಡಿನ ನೀರಿನ ಜಗಳ ಎಂದು ಮುಂದುವರಿದಿರುತ್ತದೆ. ಅಪ್ಪ ಮಗಳನ್ನು ಕರೆದುಕೊಂಡು ಅಲ್ಲಿಗೇ ಹೋಗುತ್ತಾರೆ. ಅಪ್ಪ ಮಾತಾಡುತ್ತಾರೆ, ಸೋದರಮಾವ ನಡುವೆ ಬಾಯಿ ಹಾಕುತ್ತಾರೆ, ವಕೀಲರು ಅಪ್ಪನ ಮುಖ ನೋಡಿಕೊಂಡು ಬರೆದುಕೊಳ್ಳುತ್ತಾರೆ. ಮಗಳು ಒಂದು ಬದಿಯಲ್ಲಿ ಸುಮ್ಮನೆ ಕೂತಿರುತ್ತಾಳೆ. ಅರ್ಜಿಯಲ್ಲಿ ಬರುವ ಹೆಸರು ಅವಳದ್ದು. ಮುಂದೆ ಸಾಕ್ಷಿಕಟ್ಟೆಯಲ್ಲಿ ನಿಂತು ಉತ್ತರ ಕೊಡಬೇಕಾದವಳೂ ಅವಳೇ.

ನಾನು ಈ ಕಡೆಯ ಶಾಲೆಯೊಂದರಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಮಲಯಾಳ ಓದಲು ಬರೆಯಲು ಬರುತ್ತದೆ, ಇಂಗ್ಲಿಷಿನ ಕಾಗದ ಅರ್ಥವಾಗುತ್ತದೆ. ಅಷ್ಟಿದ್ದರೆ ಸಾಕು, ನಮ್ಮೂರಲ್ಲಿ "ಟೀಚರೇ, ಒಮ್ಮೆ ಜೊತೆಗೆ ಬರ್ತೀರಾ" ಎಂದು ಕೇಳುವವರಿಗೆ ಕೊರತೆಯಿಲ್ಲ. ಹಳೆಯ ವಿದ್ಯಾರ್ಥಿನಿಯರ ಜೊತೆ, ನೆರೆಮನೆಯವರ ಜೊತೆ ವಿದ್ಯಾನಗರದ ಕೋರ್ಟಿಗೆ, ವಕೀಲರ ಕಚೇರಿಗಳಿಗೆ ಹೋಗಿದ್ದೇನೆ. ಕಳೆದ ವರ್ಷದಿಂದ ನನ್ನ ತಂಗಿಯ ಮಗಳ ಜೊತೆ ಹೋಗುತ್ತಿದ್ದೇನೆ. ಅವಳನ್ನು ಕೇಳಿಯೇ ಇದನ್ನು ಬರೆಯುತ್ತಿರುವುದು. ಅವಳ ಗುರುತು ಹತ್ತುವಂಥ ವಿವರಗಳನ್ನು ಬಿಟ್ಟಿದ್ದೇನೆ.

ಇಷ್ಟೆಲ್ಲ ನೋಡಿದ ಮೇಲೆ ನನ್ನ ಮನಸ್ಸಿನಲ್ಲಿ ಒಂದು ಮಾತು ಗಟ್ಟಿಯಾಗಿ ಕೂತಿದೆ. ಡೈವರ್ಸ್, ಕಸ್ಟಡಿ, ಜೀವನಾಂಶದ ಕೇಸುಗಳಲ್ಲಿ ವಕೀಲರು ವಾದಿಸುವುದು ಆಮೇಲಿನ ಮಾತು. ಮೊದಲಿಗೆ ಅವರು ಕೇಳುತ್ತಾರೆ, ಬರೆಯುತ್ತಾರೆ. ನಾಲ್ಕು ಗೋಡೆಯೊಳಗೆ ನಡೆದದ್ದನ್ನು ಕೋರ್ಟಿನ ಕಾಗದಕ್ಕೆ ಇಳಿಸುತ್ತಾರೆ. ಆ ಕಾಗದವನ್ನು ಯಾರಾದರೂ ಓದಿ ಹೇಳಿದಾಗ "ಹೌದು, ಇದು ನನ್ನ ಬದುಕೇ" ಎಂದು ಆ ಹೆಣ್ಣಿಗೆ, ಆ ಗಂಡಿಗೆ ಅನ್ನಿಸಬೇಕು. ಹಾಗೆ ಬರೆಯುವ, ಹಾಗೆ ಓದಿ ಹೇಳುವ ವಕೀಲರನ್ನು ಹುಡುಕಬೇಕು. ಕೋರ್ಟಿನಲ್ಲಿ ಗುಡುಗುವವರನ್ನು ಹುಡುಕಿ ಹೋಗುವ ಅಗತ್ಯವೇ ಇಲ್ಲ ಎನ್ನುವಷ್ಟು ದೂರ ನಾನು ಈ ಮಾತನ್ನು ನಂಬುತ್ತೇನೆ.

ಕಾಸರಗೋಡಿನ ಕನ್ನಡಿಗರಿಗೆ ಇದು ತಾನಾಗಿ ಸಿಗುವುದಿಲ್ಲ. ಮನೆಯಲ್ಲಿ ಹವ್ಯಕ ಕನ್ನಡವೋ ತುಳುವೋ ಕೊಂಕಣಿಯೋ ಬ್ಯಾರಿಯೋ ಮರಾಟಿಯೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಂತೆ ಇಲ್ಲಿನ ಕನ್ನಡಿಗರು ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆಯಬಹುದು, ಕನ್ನಡದಲ್ಲೇ ಉತ್ತರ ಪಡೆಯಬಹುದು. ಕೋರ್ಟಿನ ಕಡತ ಮಾತ್ರ ಇಂಗ್ಲಿಷಿನಲ್ಲಿ ಇಲ್ಲವೇ ಮಲಯಾಳದಲ್ಲಿ ಸಾಗುತ್ತದೆ. ತುಳುವಿನಲ್ಲಿ ಅತ್ತದ್ದನ್ನು ಅವಳು ಕನ್ನಡದಲ್ಲಿ ಹೇಳುತ್ತಾಳೆ, ಗುಮಾಸ್ತರು ಮಲಯಾಳದಲ್ಲಿ ಗುರುತು ಹಾಕಿಕೊಳ್ಳುತ್ತಾರೆ, ವಕೀಲರು ಇಂಗ್ಲಿಷಿನಲ್ಲಿ ಟೈಪು ಮಾಡಿಸುತ್ತಾರೆ. ಕೊನೆಗೆ "ಇಲ್ಲಿ, ಇಲ್ಲಿ, ಇಲ್ಲಿ" ಎಂದು ಪೆನ್ಸಿಲಿನ ಗುರುತು ತೋರಿಸಿ ಸಹಿ ಹಾಕಿಸುತ್ತಾರೆ. ಖಾಲಿ ಹಾಳೆಗೂ ಸಹಿ ತೆಗೆದುಕೊಂಡ ಕಚೇರಿಯನ್ನು ನಾನು ಕಂಡಿದ್ದೇನೆ. "ಮತ್ತೆ ಮತ್ತೆ ಬರುವುದು ತಪ್ಪಲಿ ಎಂದು" ಎಂಬ ಸಮಾಧಾನ ಬೇರೆ.

ಒಮ್ಮೆ ಹಳೆಯ ವಿದ್ಯಾರ್ಥಿನಿಯೊಬ್ಬಳ ಅರ್ಜಿಯ ಕರಡನ್ನು ಅವಳ ಪಕ್ಕ ಕೂತು ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ಒಂದು ಕಡೆ, ಅತ್ತೆ ವರದಕ್ಷಿಣೆಗಾಗಿ ಪೀಡಿಸಿ ಸೀಮೆಎಣ್ಣೆ ಸುರಿಯಲು ಬಂದರು ಎಂದಿತ್ತು. ಅವಳು ಬೆಚ್ಚಿಬಿದ್ದಳು. "ಅತ್ತೆ ಪಾಪದವರು ಟೀಚರೇ. ನಾನು ಹೊರಟು ಬರುವಾಗ ಬಸ್ಸಿಗೆ ಹಣ ಕೊಟ್ಟದ್ದೇ ಅವರು." ಅವಳು ನಿಜವಾಗಿ ಅನುಭವಿಸಿದ್ದು ಬೇರೆ. ಗಂಡ ತಿಂಗಳುಗಟ್ಟಲೆ ಮಾತು ಬಿಟ್ಟದ್ದು, ಅವಳ ಸಂಬಳದ ಎಟಿಎಂ ಕಾರ್ಡನ್ನು ತನ್ನ ಬಳಿ ಇಟ್ಟುಕೊಂಡದ್ದು, ತುಂಬು ಬಸುರಿ ಒಬ್ಬಳೇ ಬಸ್ಸು ಹತ್ತಿ ಆಸ್ಪತ್ರೆಗೆ ಹೋದದ್ದು. ಅವೆಲ್ಲ ಸೇರಿ ಎರಡು ಸಾಲಿನಲ್ಲಿ ಮುಗಿದಿದ್ದವು. ಬೇರೆ ಯಾವುದೋ ಕೇಸಿನಿಂದ ಎತ್ತಿ ತಂದ ಪ್ಯಾರಾಗಳು ಪುಟ ತುಂಬಿಸಿದ್ದವು.

ಕೇಸಿಗೆ ಬಲ ಬರಲಿ ಎಂದು ಹೀಗೆ ಬರೆಯುತ್ತಾರಂತೆ. ಬಲ ಎಲ್ಲಿಂದ ಬರುತ್ತದೆ? ಒಂದೆರಡು ವರ್ಷ ಕಳೆದು ಪಾಟೀಸವಾಲಿಗೆ ನಿಂತಾಗ ಎದುರು ವಕೀಲರು ಹಿಡಿಯುವುದು ಅದೇ ಸಾಲನ್ನು. ಯಾವ ದಿನ? ಯಾರಿದ್ದರು? ಪೊಲೀಸರಿಗೆ ಹೇಳಿದಿರಾ? ನಡೆಯದ್ದಕ್ಕೆ ಉತ್ತರ ಎಲ್ಲಿಂದ ತರುವುದು? ಆ ಒಂದು ಸುಳ್ಳು ಬಿದ್ದರೆ ಪಕ್ಕದಲ್ಲಿದ್ದ ಸತ್ಯವೂ ಬೀಳುತ್ತದೆ. ಆ ಅತ್ತೆ ಸೊಸೆಯ ಪರವಾಗಿ ಎರಡು ಮಾತು ಹೇಳುತ್ತಿದ್ದರೋ ಏನೋ, ನೋಟೀಸು ಕೈಗೆ ಸಿಕ್ಕಿದ ದಿನವೇ ಆ ಬಾಗಿಲು ಮುಚ್ಚುತ್ತಿತ್ತು. ಆ ಹುಡುಗಿ ಸಹಿ ಹಾಕದೆ ಎದ್ದು ಬಂದಳು. ಅವಳ ಧೈರ್ಯಕ್ಕೆ ನನಗೆ ಇವತ್ತಿಗೂ ಹೆಮ್ಮೆ. ಬೇರೆ ವಕೀಲರು ಸಿಕ್ಕಿದರು. ಅವರು ಅಪ್ಪನನ್ನು ಹೊರಗೆ ಕೂರಿಸಿ ಅವಳೊಬ್ಬಳನ್ನೇ ಮಾತಾಡಿಸಿದರು. ಅವಳು ಅಳುವಾಗ ಪೆನ್ನು ಕೆಳಗಿಟ್ಟರು. ಆಮೇಲೆ ತಾರೀಕು, ಆಸ್ಪತ್ರೆಯ ಚೀಟಿ, ಬ್ಯಾಂಕಿನ ಪಾಸುಬುಕ್ಕು ಕೇಳಿದರು.

ಸಾಕ್ಷಿ ಹೇಳುವ ದಿನಕ್ಕೂ ಇದೇ ಮಾತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 6ನೇ ನಿಯಮದಲ್ಲಿ, ಸಾಕ್ಷಿ ಹೇಳಿದ ಭಾಷೆ ಒಂದು, ಬರೆದುಕೊಂಡ ಭಾಷೆ ಇನ್ನೊಂದು ಆಗಿದ್ದು ಸಾಕ್ಷಿಗೆ ಅದು ಅರ್ಥವಾಗದಿದ್ದರೆ, ಬರೆದದ್ದನ್ನು ಅವರ ಭಾಷೆಯಲ್ಲಿ ತಿಳಿಸಿ ಹೇಳಬೇಕು ಎಂದಿದೆ. ನಮ್ಮ ಹೆಂಗಸರು ಕೋರ್ಟಿನಲ್ಲಿ ಹೆದರಿ "ಆಯ್ತು, ಆಯ್ತು" ಎಂದುಬಿಡುತ್ತಾರೆ. "ನನಗೆ ಕನ್ನಡದಲ್ಲಿ ಹೇಳಿ" ಎಂದು ಕೇಳುವುದು ಉದ್ಧಟತನವಲ್ಲ ಎಂದು ವಕೀಲರು ಮೊದಲೇ ಹೇಳಿಕೊಟ್ಟಿರಬೇಕು. ನಮ್ಮ ಪುಣ್ಯಕ್ಕೆ ಮಂಗಳೂರಿನಲ್ಲಿ ಕಾನೂನು ಓದಿ ಕಾಸರಗೋಡಿನಲ್ಲಿ ವಕೀಲಿ ಮಾಡುವ, ತುಳು ಕನ್ನಡ ಮಲಯಾಳ ಮೂರರಲ್ಲೂ ಸಲೀಸಾಗಿ ಮಾತಾಡುವ ವಕೀಲರು ಇಲ್ಲಿದ್ದಾರೆ. ಮಲಯಾಳಿ ವಕೀಲರಲ್ಲೂ ಕನ್ನಡದವರ ಮಾತನ್ನು ತಾಳ್ಮೆಯಿಂದ ಕೇಳಿ, ಪಕ್ಕದಲ್ಲಿ ಓದಿ ಹೇಳುವವರನ್ನು ಕೂರಿಸಿಕೊಳ್ಳುವವರು ಇದ್ದಾರೆ. ಕೇಳಿಸಿಕೊಳ್ಳುವ ಗುಣಕ್ಕೆ ಭಾಷೆಯ ಹಂಗಿಲ್ಲ.

ಹಂಗಿರುವುದು ಗಡಿಗೆ. ತಲಪಾಡಿಯ ಗಡಿ ದಾಟಿ ಹೆಣ್ಣು ಕೊಡುವುದು, ತರುವುದು ನಮ್ಮಲ್ಲಿ ತಲೆಮಾರುಗಳಿಂದ ನಡೆದು ಬಂದದ್ದು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ಔಷಧಿಗೆ, ಬಟ್ಟೆಗೆ, ಕಾಲೇಜಿಗೆ ಹೋಗಿ ಬರುವ ದಾರಿ. ದಾಂಪತ್ಯ ಕೋರ್ಟಿಗೆ ಹೋದ ದಿನ ಮಾತ್ರ ಅದು ಎರಡು ರಾಜ್ಯ, ಎರಡು ಹೈಕೋರ್ಟು ಎಂಬುದು ನೆನಪಿಗೆ ಬರುತ್ತದೆ. ಇಲ್ಲಿನ ತೀರ್ಪಿನ ಮೇಲೆ ಮೇಲ್ಮನವಿ ಹೋಗುವುದು ಕೊಚ್ಚಿಗೆ, ಅಲ್ಲಿನದ್ದು ಬೆಂಗಳೂರಿಗೆ. ಒಂದೇ ರಾಜ್ಯದೊಳಗೆ ಒಂದು ಜಿಲ್ಲೆಯಿಂದ ಇನ್ನೊಂದಕ್ಕೆ ಕೇಸು ವರ್ಗಾಯಿಸಲು ಹೈಕೋರ್ಟು ಸಾಕು. ಮಂಗಳೂರಿನಿಂದ ಕಾಸರಗೋಡಿಗೆ ತರಬೇಕಾದರೆ ಸಿವಿಲ್ ಸಂಹಿತೆಯ 25ನೇ ಸೆಕ್ಷನ್ನಿನಡಿ ಸುಪ್ರೀಂ ಕೋರ್ಟಿಗೇ ಅರ್ಜಿ ಹಾಕಬೇಕು. ಒಂದು ಗಂಟೆಯ ಬಸ್ಸಿನ ದಾರಿಗೆ ದೆಹಲಿಯ ಅಪ್ಪಣೆ!

ನನ್ನ ತಂಗಿಯ ಮಗಳ ವಿಷಯದಲ್ಲಿ ಆದದ್ದು ಇದೇ. ಮದುವೆ ನಮ್ಮೂರಿನಲ್ಲಿ, ಸಂಸಾರ ಮಂಗಳೂರಿನಲ್ಲಿ. ಅವಳು ಮಗುವನ್ನು ಕರೆದುಕೊಂಡು ತವರಿಗೆ ಬಂದಮೇಲೆ ಗಂಡ ಮಂಗಳೂರಿನಲ್ಲಿ ಕ್ರೌರ್ಯದ ಆರೋಪ ಹೊರಿಸಿ ವಿಚ್ಛೇದನದ ಅರ್ಜಿ ಹಾಕಿದ. 1955ರ ಹಿಂದೂ ವಿವಾಹ ಕಾಯ್ದೆಯ 19ನೇ ಸೆಕ್ಷನ್ನಿನಂತೆ ಮದುವೆ ನಡೆದ ಜಾಗ, ಎದುರು ಪಕ್ಷದವರು ಇರುವ ಜಾಗ, ಇಬ್ಬರೂ ಕೊನೆಯದಾಗಿ ಒಟ್ಟಿಗೆ ಬಾಳಿದ ಜಾಗ, ಇವುಗಳಲ್ಲಿ ಯಾವುದರ ಕೋರ್ಟಿಗಾದರೂ ಹೋಗಬಹುದು. 2003ರ ತಿದ್ದುಪಡಿಯ ನಂತರ, ಅರ್ಜಿ ಹಾಕುವವಳು ಹೆಂಡತಿಯಾದರೆ ತಾನು ಈಗ ಇರುವ ಊರಿನ ಕೋರ್ಟಿಗೂ ಹೋಗಬಹುದು. ಹಾಗಾಗಿ ಅವನೂ ಸರಿ, ಇವಳು ಕಾಸರಗೋಡಿನಲ್ಲಿ ಹಾಕಿದ್ದರೆ ಇವಳೂ ಸರಿ. ಯಾರು ಮೊದಲು, ಎಲ್ಲಿ ಎಂಬುದು ಮುಂದಿನ ವರ್ಷಗಳ ಓಡಾಟ, ಖರ್ಚು, ಭಾಷೆ ಎಲ್ಲವನ್ನೂ ನಿರ್ಧರಿಸಿಬಿಡುತ್ತದೆ. ಆದ್ದರಿಂದಲೇ ಮೊದಲ ಭೇಟಿಯಲ್ಲಿ ನಮ್ಮ ಕಡೆಯ ವಕೀಲರು "ಎಲ್ಲಿ ಮದುವೆ, ಎಲ್ಲಿ ಸಂಸಾರ, ಈಗ ಎಲ್ಲಿದ್ದೀರಿ, ಮಗು ಎಲ್ಲಿ ಓದುತ್ತಿದೆ" ಎಂದು ಕೇಳದೆ ವಕಾಲತ್ತಿಗೆ ಸಹಿ ಹಾಕಿಸಿದರೆ ನಾನಂತೂ ಅಲ್ಲಿಂದ ಎದ್ದು ಬರುತ್ತೇನೆ.

ಮಂಗಳೂರಿನ ವಕೀಲರನ್ನು ಇಲ್ಲಿಗೆ ಕರೆತರಬಹುದೇ ಎಂದು ತುಂಬ ಜನ ಕೇಳುತ್ತಾರೆ. ತರಬಹುದು. ವಕೀಲರ ಕಾಯ್ದೆಯ 30ನೇ ಸೆಕ್ಷನ್ 2011ರ ಜೂನ್ 15ರಿಂದ ಜಾರಿಯಲ್ಲಿದೆ. ಒಂದು ರಾಜ್ಯದಲ್ಲಿ ನೋಂದಾಯಿಸಿಕೊಂಡವರು ದೇಶದ ಯಾವ ಕೋರ್ಟಿನಲ್ಲಾದರೂ ವಕೀಲಿ ಮಾಡಬಹುದು. ಆದರೆ ಇಲ್ಲಿನ ಕಡತ ಮಲಯಾಳದಲ್ಲಿ ಬಂದಾಗ ಏನು ಮಾಡುತ್ತಾರೆ, ವಿಚಾರಣೆಯ ಪ್ರತಿ ವಾಯ್ದೆಗೂ ಬರುತ್ತಾರೋ ಜೂನಿಯರನ್ನು ಕಳಿಸುತ್ತಾರೋ ಎಂಬುದನ್ನು ಕೇಳಿಕೊಳ್ಳಬೇಕು.

ನಮ್ಮ ಹುಡುಗಿಯ ವಕೀಲರು ದೆಹಲಿಯ ದಾರಿಯನ್ನು ವಿವರಿಸಿದರು. ಹೆಂಡತಿಯ ಅನುಕೂಲ, ಸಣ್ಣ ಮಗು, ಇವನ್ನೆಲ್ಲ ಸುಪ್ರೀಂ ಕೋರ್ಟು ಗಮನಿಸುತ್ತದೆ ಎಂದರು. ಹಾಗೆಂದು ಆ ಅರ್ಜಿ ಹಾಕಲು ಅವಸರ ಮಾಡಲಿಲ್ಲ. "ಒಂದು ಫೋನು ಮಾಡಿ ನೋಡುತ್ತೇನೆ" ಎಂದು ಮಂಗಳೂರಿನ ವಕೀಲರ ಜೊತೆ ಮಾತಾಡಿದರು. ಇಬ್ಬರೂ ತಮ್ಮ ತಮ್ಮ ಕಕ್ಷಿದಾರರನ್ನು ಕೂರಿಸಿ ಹೇಳಿದರು. ಗಂಡ ಅಲ್ಲಿನ ಅರ್ಜಿ ಹಿಂತೆಗೆದುಕೊಂಡ, ಇಬ್ಬರೂ ಸೇರಿ ಕಾಸರಗೋಡಿನಲ್ಲಿ ಒಪ್ಪಿಗೆಯ ಅರ್ಜಿ ಹಾಕಿದರು. ವರ್ಗಾವಣೆಯ ಅರ್ಜಿ ಹಾಕಿಸಿ ಫೀಸು ತೆಗೆದುಕೊಳ್ಳಬಹುದಾಗಿದ್ದವರು ಒಂದು ಫೋನಿನಲ್ಲಿ ಅದನ್ನು ತಪ್ಪಿಸಿದರು. ಇಂಥವರು ಇದ್ದಾರೆ ಎಂದು ಹೇಳಬೇಕು, ಏಕೆಂದರೆ ವಕೀಲರ ಬಗ್ಗೆ ಕೆಟ್ಟ ಮಾತು ಊರಿನಲ್ಲಿ ಬೇಕಾದಷ್ಟು ಓಡಾಡುತ್ತದೆ.

ಹೊಡೆತ ತಿನ್ನುತ್ತಿರುವವರು ಇಷ್ಟೆಲ್ಲ ಯೋಚಿಸುತ್ತ ಕೂರಬಾರದು. ಹೆಂಗಸರ ಸಹಾಯವಾಣಿ 181 ಇಲ್ಲವೇ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಬೇಕು. 2005ರ ಕೌಟುಂಬಿಕ ಹಿಂಸೆ ಕಾಯ್ದೆಯಡಿ ಪ್ರೊಟೆಕ್ಷನ್ ಆಫೀಸರ್ ಮೂಲಕ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದು. ಗಂಡನ ಮನೆಯಲ್ಲಿ ವಾಸಿಸುವ ಹಕ್ಕು, ರಕ್ಷಣೆಯ ಆದೇಶ, ಮಗುವಿನ ತಾತ್ಕಾಲಿಕ ಕಸ್ಟಡಿ ಅಲ್ಲೇ ಕೇಳಬಹುದು. ವಕೀಲರ ಆಯ್ಕೆ ಆಮೇಲೆ ಮಾಡಿದರಾಯಿತು.

ಕುಟುಂಬ ನ್ಯಾಯಾಲಯ ಉಳಿದ ಕೋರ್ಟುಗಳ ಹಾಗಲ್ಲ ಎಂಬುದು ಅನೇಕರಿಗೆ ಗೊತ್ತಿರುವುದಿಲ್ಲ. 1984ರ ಕಾಯ್ದೆಯ 13ನೇ ಸೆಕ್ಷನ್ ಪ್ರಕಾರ ಅಲ್ಲಿ ವಕೀಲರ ಮೂಲಕ ನಿಲ್ಲುವುದು ಹಕ್ಕಾಗಿ ಬರುವುದಿಲ್ಲ, ಕೋರ್ಟು ಅವಕಾಶ ಕೊಡಬೇಕು. ಕೊಡುತ್ತಾರೆ, ವಕೀಲರು ಬರುತ್ತಾರೆ. ಆದರೂ ಕಾಯ್ದೆಯ ಮನಸ್ಸು ಗಂಡಹೆಂಡಿರೇ ಮಾತಾಡಲಿ ಎಂಬುದು. ರಾಜಿಗೆ ಪ್ರಯತ್ನಿಸುವುದು 9ನೇ ಸೆಕ್ಷನ್ನಿನಂತೆ ಕೋರ್ಟಿನದೇ ಕರ್ತವ್ಯ, ಅದಕ್ಕಾಗಿ ಕೌನ್ಸಿಲಿಂಗಿಗೆ ಕಳಿಸುತ್ತಾರೆ. ಆ ಕೋಣೆಯೊಳಗೆ ವಕೀಲರಿಲ್ಲ, ಅಪ್ಪನಿಲ್ಲ, ನಾನೂ ಇಲ್ಲ. ಕೌನ್ಸಿಲರ್ ಕೇಳಿದಾಗ ತನಗೆ ಏನು ಬೇಕು ಎಂದು ಅವಳೇ ಹೇಳಬೇಕು. ಒಟ್ಟಿಗೆ ಬಾಳುವುದೋ ಬೇರೆಯಾಗುವುದೋ, ಮಗು ಯಾರ ಬಳಿ, ಕೆಲಸಕ್ಕೆ ಹೋಗುವುದೋ. ಇದನ್ನು ವಕೀಲರು ಮೊದಲೇ ಅವಳಿಂದ ಹೇಳಿಸಿರಬೇಕು. ಮನೆಯವರ ಆಸೆಯನ್ನು ಅವಳ ಬಾಯಲ್ಲಿ ಹೇಳಿಸಿದರೆ ಆ ಕೋಣೆಯಲ್ಲಿ ಅದು ನಿಲ್ಲುವುದಿಲ್ಲ. ಮನೆಯ ಗುಟ್ಟು ಎಲ್ಲರೆದುರು ಆಡಲು ಹಿಂಜರಿಯುವವರು 11ನೇ ಸೆಕ್ಷನ್ನಿನಡಿ ಮುಚ್ಚಿದ ಬಾಗಿಲಿನೊಳಗೆ ವಿಚಾರಣೆ ಕೇಳಬಹುದು. ಇಬ್ಬರಲ್ಲಿ ಒಬ್ಬರು ಬಯಸಿದರೂ ಕೋರ್ಟು ಅದಕ್ಕೆ ಒಪ್ಪಬೇಕು.

ಒಪ್ಪಿಗೆಯ ವಿಚ್ಛೇದನ ಎಂದರೆ ಸಲೀಸು ಎಂದುಕೊಳ್ಳುತ್ತೇವೆ. ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ ಒಂದು ವರ್ಷವಾದರೂ ಬೇರೆ ಇದ್ದಿರಬೇಕು. ಅರ್ಜಿ ಹಾಕಿದ ಆರು ತಿಂಗಳ ನಂತರ, 18 ತಿಂಗಳೊಳಗೆ ಇಬ್ಬರೂ ಮತ್ತೆ ಬಂದು ಒಪ್ಪಿಗೆ ಹೇಳಬೇಕು. ಆ ಆರು ತಿಂಗಳು ಕಡ್ಡಾಯವಲ್ಲ, ಸಂದರ್ಭ ನೋಡಿ ಕೋರ್ಟು ಬಿಟ್ಟುಕೊಡಬಹುದು ಎಂದು ಸುಪ್ರೀಂ ಕೋರ್ಟು 2017ರಲ್ಲಿ ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ಹೇಳಿತು. ನನಗೆ ಈ ಅವಧಿಯ ಮೇಲೆ ಸಿಟ್ಟಿಲ್ಲ. ಕರಾರನ್ನು ಸರಿಯಾಗಿ ಓದಲು, ಬಿಟ್ಟುಹೋದದ್ದನ್ನು ಸೇರಿಸಲು ಅದು ಸಿಕ್ಕುವ ಸಮಯ. ಏಕೆಂದರೆ ಕುಟುಂಬ ನ್ಯಾಯಾಲಯ ಕಾಯ್ದೆಯ 19ನೇ ಸೆಕ್ಷನ್ನಿನಲ್ಲಿ ಒಂದು ಸಾಲಿದೆ: ಇಬ್ಬರ ಒಪ್ಪಿಗೆಯಿಂದ ಬಂದ ಡಿಕ್ರಿಯ ಮೇಲೆ ಮೇಲ್ಮನವಿ ಇಲ್ಲ. ಜಗಳದಲ್ಲಿ ಸೋತವರಿಗೆ ಕೊಚ್ಚಿಯ ದಾರಿ ಉಳಿದಿರುತ್ತದೆ, ಓದದೆ ಒಪ್ಪಿದವರಿಗೆ ಆ ದಾರಿಯಿಲ್ಲ. ಖರ್ಚು ಉಳಿಯಲಿ ಎಂದು ಇಬ್ಬರಿಗೂ ಒಬ್ಬರೇ ವಕೀಲರು ಸಾಕು ಎನ್ನುವವರಿಗೆ ನಾನು ಇದನ್ನೇ ಹೇಳುವುದು. ಅರ್ಜಿ ಒಬ್ಬರೇ ಬರೆಯಲಿ, ಕರಾರನ್ನು ನಿಮ್ಮ ಕಡೆಯಿಂದ ನೋಡುವ ಇನ್ನೊಬ್ಬರು ಇರಲಿ.

ಉಪ್ಪಳ, ಮಂಜೇಶ್ವರ, ಕುಂಬಳೆಯ ಕಡೆ ಬೇರೆ ಬೇರೆ ಧರ್ಮದ ಮನೆಗಳಿಗೆ ಬೇರೆ ಬೇರೆ ಕಾನೂನಿದೆ. ಕ್ರೈಸ್ತರಿಗೆ 1869ರ ವಿಚ್ಛೇದನ ಕಾಯ್ದೆ; ಒಪ್ಪಿಗೆಯ ವಿಚ್ಛೇದನಕ್ಕೆ ಒಂದು ವರ್ಷ ಕಾಯಬೇಕೆಂಬ ಷರತ್ತನ್ನು ಕೇರಳ ಹೈಕೋರ್ಟು 2022ರ ಡಿಸೆಂಬರಿನಲ್ಲಿ ತೆಗೆದುಹಾಕಿತು. ಮುಸ್ಲಿಂ ಹೆಂಗಸರಿಗೆ 1939ರ ಮುಸ್ಲಿಂ ವಿವಾಹ ವಿಸರ್ಜನಾ ಕಾಯ್ದೆಯ ದಾರಿಯ ಜೊತೆಗೆ ಖುಲಾ (ಹೆಂಡತಿ ತಾನೇ ಕೇಳಿ ಪಡೆಯುವ ವಿಚ್ಛೇದನ) ಮೊದಲಾದ ಕೋರ್ಟಿನ ಹೊರಗಿನ ದಾರಿಗಳೂ ಉಂಟು ಎಂದು ಅದೇ ಹೈಕೋರ್ಟು 2021ರಲ್ಲಿ ಹೇಳಿತು. ಎಲ್ಲ ಕೇಸನ್ನೂ ಒಂದೇ ನಮೂನೆಯಲ್ಲಿ ಬರೆಯುವ ವಕೀಲರು ಇಲ್ಲಿಗೆ ಒಗ್ಗುವುದಿಲ್ಲ.

ಹಣದ ಮಾತನ್ನು ನಾಚಿಕೆಯಿಲ್ಲದೆ ಆಡಬೇಕು. ಫೀಸಿನಲ್ಲಿ ಅರ್ಜಿ ಮಾತ್ರ ಸೇರಿದೆಯೋ, ಮಧ್ಯಂತರ ಜೀವನಾಂಶದ ಅರ್ಜಿಯೂ ಸೇರಿದೆಯೋ, ಸಾಕ್ಷಿ ವಿಚಾರಣೆಗೆ ಬೇರೆಯೋ, ತೀರ್ಪು ಬಂದಮೇಲೆ ಹಣ ವಸೂಲಿಗೆ ಹಾಕುವ ಎಕ್ಸಿಕ್ಯೂಷನ್ನಿಗೆ ಬೇರೆಯೋ ಎಂದು ಮೊದಲೇ ಕೇಳಿ, ಬರೆಸಿಕೊಂಡು, ಕೊಟ್ಟದ್ದಕ್ಕೆ ರಶೀದಿ ಪಡೆಯಬೇಕು. "ಬಂದ ಹಣದಲ್ಲಿ ಇಷ್ಟು ಪಾಲು ನನಗೆ" ಎಂಬ ಒಪ್ಪಂದಕ್ಕೆ ಬಾರ್ ಕೌನ್ಸಿಲ್ ನಿಯಮದಲ್ಲಿ ಅವಕಾಶವಿಲ್ಲ. ಗೆದ್ದೇ ಗೆಲ್ಲಿಸುತ್ತೇನೆ, ಮಗು ನಿಮಗೇ ಎಂದು ಮೊದಲ ದಿನವೇ ಭರವಸೆ ಕೊಡುವವರ ಬಳಿ ನನ್ನ ಮನೆಯ ಹುಡುಗಿಯನ್ನು ನಾನು ಬಿಡುವುದಿಲ್ಲ.

ಕೈಯಲ್ಲಿ ಹಣವೇ ಇಲ್ಲ ಎಂದು ಸುಮ್ಮನಿರುವವರ ಬಗ್ಗೆ ನನಗೆ ಹೆಚ್ಚು ಸಂಕಟ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಸೆಕ್ಷನ್ನಿನಂತೆ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಅಂಗವಿಕಲರಿಗೆ ಉಚಿತ ವಕೀಲರನ್ನು ಕೊಡಬೇಕು. ಹೆಂಗಸಾದರೆ ವರಮಾನ ಎಷ್ಟು ಎಂಬ ಪ್ರಶ್ನೆಯೇ ಬರುವುದಿಲ್ಲ. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿ ವಿದ್ಯಾನಗರದ ಕೋರ್ಟು ಸಂಕೀರ್ಣದಲ್ಲೇ ಇದೆ, ಫೋನಿನಲ್ಲಿ 15100. ನಮ್ಮಲ್ಲಿ ಇದನ್ನು ಧರ್ಮದ ವಕೀಲರು ಎಂದು ಕೀಳಾಗಿ ನೋಡುವ ರೂಢಿಯಿದೆ. ತೋಟದ ಕೆಲಸಕ್ಕೆ ಹೋಗುವ ನೆರೆಮನೆಯ ಹೆಂಗಸಿಗೆ ಅಲ್ಲಿಂದ ಸಿಕ್ಕಿದ ಕಿರಿಯ ವಕೀಲೆ, ದುಡ್ಡು ಕೊಟ್ಟು ನೇಮಿಸಿದ ಎಷ್ಟೋ ಹಿರಿಯರಿಗಿಂತ ಶ್ರದ್ಧೆಯಿಂದ ಅವಳ ಕೇಸು ನಡೆಸಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕೇಸು ನಡೆಯುವಾಗಿನ ಖರ್ಚನ್ನೂ ಜೀವನಾಂಶವನ್ನೂ ಹಿಂದೂ ವಿವಾಹ ಕಾಯ್ದೆಯ 24ನೇ ಸೆಕ್ಷನ್ನಿನಡಿ ಕೇಳಬಹುದು. ಆ ಸೆಕ್ಷನ್ ಹೆಂಡತಿಗೆ ಮಾತ್ರ ಮೀಸಲಲ್ಲ, ದುಡಿಮೆಯಿಲ್ಲದ ಗಂಡನೂ ಕೇಳಬಹುದು.

ಜೀವನಾಂಶದ ಕೇಸುಗಳಲ್ಲಿ ಇಬ್ಬರೂ ತಮ್ಮ ಆಸ್ತಿ, ಸಾಲ, ವರಮಾನದ ವಿವರವನ್ನು ಅಫಿಡವಿಟ್ಟಿನಲ್ಲಿ ಬರೆದು ಕೊಡಬೇಕು ಎಂದು ಸುಪ್ರೀಂ ಕೋರ್ಟು 2020ರ ನವೆಂಬರಿನಲ್ಲಿ ರಜನೇಶ್ ಮತ್ತು ನೇಹಾ ಪ್ರಕರಣದಲ್ಲಿ ಹೇಳಿತು. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕಕ್ಕೆ ಬರಬೇಕು ಎಂದೂ ಹೇಳಿತು. ಪಟ್ಟಣದ ಕೇಸಿನಲ್ಲಿ ಸಂಬಳದ ಚೀಟಿ ಇರುತ್ತದೆ. ನಮ್ಮಲ್ಲಿ ಗಂಡನ ವರಮಾನ ಅಡಿಕೆ ತೋಟದಲ್ಲಿ, ತೋಟ ಮಾವನ ಹೆಸರಿನಲ್ಲಿ, ಇಲ್ಲವೇ ಗಂಡ ಗಲ್ಫಿನಲ್ಲಿ. ಅಡಿಕೆ ಕೊಟ್ಟ ರಶೀದಿ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದಲ್ಲೋ ಖಾಸಗಿ ಅಂಗಡಿಯಲ್ಲೋ ಯಾರ ಹೆಸರಿಗೆ ಬೀಳುತ್ತದೆ, ಸಹಕಾರಿ ಬ್ಯಾಂಕಿನ ಸಾಲದ ಅರ್ಜಿಯಲ್ಲಿ ವರಮಾನ ಎಷ್ಟೆಂದು ಬರೆದಿದ್ದಾರೆ ಎಂದು ಕೇಳುವ ತಿಳಿವಳಿಕೆ ಊರು ಬಲ್ಲ ವಕೀಲರಿಗೇ ಬರುವುದು. ಗಲ್ಫಿನಲ್ಲಿರುವವರಿಗೆ ಸಮನ್ಸು ತಲುಪಿಸುವುದೇ ತಿಂಗಳುಗಳ ಕೆಲಸ. ಅಲ್ಲಿನ ವಿಳಾಸ, ಕಂಪನಿಯ ಹೆಸರು, ಪಾಸ್‌ಪೋರ್ಟಿನ ಪ್ರತಿ ಹೆಂಡತಿಯ ಬಳಿ ಇದ್ದರೆ ಅರ್ಧ ದಾರಿ ಸಾಗಿದಂತೆ.

ಚಿನ್ನದ ವಿಷಯ ಬರದೆ ಈ ಕಡೆಯ ಕೇಸು ಮುಗಿಯುವುದಿಲ್ಲ. ಇಷ್ಟು ಪವನು (ಎಂಟು ಗ್ರಾಮಿಗೆ ಒಂದು ಪವನು) ಹಾಕಿದ್ದೆವು, ಬ್ಯಾಂಕಿನಲ್ಲಿ ಅಡವಿಟ್ಟರು, ತಿರುಗಿ ಕೊಡಲಿಲ್ಲ. ಹೆಣ್ಣಿನ ಸ್ತ್ರೀಧನ ಹೆಣ್ಣಿನದೇ, ಕಷ್ಟಕ್ಕೆ ಬಳಸಿಕೊಂಡ ಗಂಡ ಹಿಂತಿರುಗಿಸಲೇಬೇಕು ಎಂದು ಸುಪ್ರೀಂ ಕೋರ್ಟು 2024ರ ಏಪ್ರಿಲಿನಲ್ಲಿ ಕೇರಳದ್ದೇ ಒಂದು ಪ್ರಕರಣದಲ್ಲಿ ಹೇಳಿತು. 89 ಪವನು ಹಾಕಿದ್ದೆವು ಎಂದು ಹೇಳಿದ್ದ ಆ ಹೆಂಡತಿಗೆ 25 ಲಕ್ಷ ರೂಪಾಯಿ ಕೊಡಿಸಿತು. ಹಾಗಾಗಿ ಮದುವೆಯ ಆಲ್ಬಂ, ಅಂಗಡಿಯ ಬಿಲ್ಲು, ಅಡವಿನ ಚೀಟಿ ಇವು ವಕೀಲರ ಮಾತಿಗಿಂತ ಮೊದಲು ಸಿದ್ಧವಿರಲಿ. ಬಿಲ್ಲು ಇಲ್ಲದ ಅಜ್ಜಿಯ ಸರಕ್ಕೆ ಫೋಟೋ ಸಾಕ್ಷಿ.

ಮಗುವಿನ ವಿಷಯಕ್ಕೆ ಬರುತ್ತೇನೆ. ನನ್ನ ಮನಸ್ಸು ಇಲ್ಲಿಯೇ ಹೆಚ್ಚು ಒದ್ದಾಡಿದ್ದು.

1956ರ ಹಿಂದೂ ಅಪ್ರಾಪ್ತವಯಸ್ಕರ ಮತ್ತು ಪಾಲಕತ್ವ ಕಾಯ್ದೆಯಂತೆ ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ, ಎಲ್ಲಕ್ಕಿಂತ ಮೇಲೆ ಮಗುವಿನ ಹಿತ. ಕಸ್ಟಡಿಯ ಅರ್ಜಿ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ಮಗು ಸಾಮಾನ್ಯವಾಗಿ ವಾಸಿಸುವ ಊರಿನ ಕೋರ್ಟಿಗೆ ಹೋಗುತ್ತದೆ. ಈ ಒಂದು ಸಾಲಿಗಾಗಿ ಮಗುವನ್ನು ರಾತ್ರೋರಾತ್ರಿ ಗಡಿ ದಾಟಿಸಿದವರಿದ್ದಾರೆ, ಆಚೆಯವರೂ ಈಚೆಯವರೂ. ಹಾಗೆ ಮಾಡಲು ಸಲಹೆ ಕೊಟ್ಟ ವಕೀಲರ ಬಗ್ಗೆಯೂ ಕೇಳಿದ್ದೇನೆ. ಶಾಲೆಯ ಚೀಲವೂ ಇಲ್ಲದೆ ಬಂದ ಮಕ್ಕಳು ನನ್ನ ತರಗತಿಯಲ್ಲಿ ಕೂತದ್ದುಂಟು. ಅಂಥ ಮಗು ಬೆಂಚಿನ ಮೂಲೆ ಬಿಟ್ಟು ಏಳುವುದಿಲ್ಲ, ಬಾಗಿಲು ಸದ್ದಾದರೆ ತಿರುಗಿ ನೋಡುತ್ತದೆ. ಕೋರ್ಟಿನಲ್ಲಿ ಅದರಿಂದ ಏನು ಲಾಭವಾಯಿತೋ, ಆ ಮಗುವಿಗೆ ಆದದ್ದನ್ನು ನಾನು ನೋಡಿದ್ದೇನೆ. ಆ ಸಲಹೆ ಕೊಡುವ ವಕೀಲರು ಎಷ್ಟೇ ಕೇಸು ಗೆದ್ದಿರಲಿ, ಬೇಡ.

ಗಡಿಯಾಚೆಗೆ ಈಚೆಗೆ ಹಂಚಿಹೋದ ಮಗುವಿನ ಕರಾರು ಬರೆಯುವುದು ಸೂಕ್ಷ್ಮದ ಕೆಲಸ. ನಮ್ಮ ಹುಡುಗಿಯ ಮೊದಲ ಕರಡಿನಲ್ಲಿ "ದಸರಾ ರಜೆಯ ಅರ್ಧ ಭಾಗ ತಂದೆಯ ಬಳಿ" ಎಂದಿತ್ತು. ಮಂಗಳೂರಿನ ಶಾಲೆಗಳಿಗೆ ಅದು ಸರಿ. ಮಗು ಓದುತ್ತಿರುವುದು ಈಗ ಕಾಸರಗೋಡಿನಲ್ಲಿ. ಇಲ್ಲಿ ಕನ್ನಡ ಶಾಲೆಯಾದರೂ ಕೇರಳದ ಪಂಚಾಂಗ. ದೊಡ್ಡ ರಜೆ ಬರುವುದು ಓಣಂಗೆ, ಕ್ರಿಸ್ಮಸ್ಸಿಗೆ. ಅಪ್ಪನಿಗೆ ರಜೆ ಇದ್ದಾಗ ಮಗುವಿಗೆ ಪರೀಕ್ಷೆ, ಮಗುವಿಗೆ ರಜೆ ಇದ್ದಾಗ ಅಪ್ಪನಿಗೆ ಆಫೀಸು. ಬೇರೆ ಊರಿನಲ್ಲಿ ಯಾರಿಗೂ ಹೊಳೆಯದ ಈ ಸಣ್ಣ ವಿಷಯ ಇಲ್ಲಿ ವರ್ಷವಿಡೀ ಜಗಳಕ್ಕೆ ಕಾರಣವಾಗುತ್ತಿತ್ತು. ನಾನು ಶಾಲೆಯವಳಾದ್ದರಿಂದ ಕಣ್ಣಿಗೆ ಬಿತ್ತು. ವಕೀಲರು ಕೂಡಲೇ ಒಪ್ಪಿ ಬದಲಿಸಿದರು. ಗಡಿ ದಾಟಿ ಶಾಲೆ ಬದಲಾದರೆ ಮಗುವಿನ ಪಾಠದ ಭಾಷೆಗಳೂ ಬದಲಾಗುತ್ತವೆ ಎಂಬುದನ್ನೂ ನೆನಪಿಸಿದೆ. ಮಂಗಳೂರಿನಲ್ಲಿ ಎರಡನೇ ತರಗತಿ ಮುಗಿಸಿ ಬಂದ ಮಗು ಇಲ್ಲಿ ಮಲಯಾಳದ ಅಕ್ಷರದೆದುರು ಕೂರಬೇಕು. ಶಾಲೆ ಬದಲಿಸುವ ಮೊದಲು ಇಬ್ಬರೂ ಮಾತಾಡಿಕೊಳ್ಳಬೇಕು ಎಂದು ಒಂದು ಸಾಲು ಸೇರಿತು.

2020ರ ಮಾರ್ಚಿನಲ್ಲಿ ಕೋವಿಡ್ ಕಾಲದಲ್ಲಿ ಕರ್ನಾಟಕ ತಲಪಾಡಿಯ ದಾರಿ ಮುಚ್ಚಿತು, ಒಳದಾರಿಗಳಿಗೆ ಮಣ್ಣು ಸುರಿಯಿತು. ಮಂಗಳೂರಿನ ಆಸ್ಪತ್ರೆಗೆ ಹೋಗಲಾರದೆ ಇಲ್ಲಿ ಜನ ಸತ್ತರು. ಆಗ ಗಡಿಯ ಒಂದು ಬದಿಯಲ್ಲಿ ಅಪ್ಪನೂ ಇನ್ನೊಂದು ಬದಿಯಲ್ಲಿ ಮಗುವೂ ಉಳಿದ ಮನೆಗಳಲ್ಲಿ, ಭೇಟಿಗೆ ಬದಲು ವಿಡಿಯೋ ಕರೆ ಎಂಬ ಸಾಲು ಕರಾರಿನಲ್ಲಿ ಇಲ್ಲದ್ದರಿಂದ ಮಗುವಿನ ಮುಖ ತೋರಿಸುವುದೂ ಬಿಡುವುದೂ ಒಬ್ಬರ ಮರ್ಜಿಯಾಯಿತು. ಈಗ ಆ ಸಾಲನ್ನು ಬರೆಸದೆ ಯಾರೂ ಏಳಬಾರದು. ಕಸ್ಟಡಿಯ ಆದೇಶ ಕಲ್ಲಿನ ಮೇಲೆ ಕೆತ್ತಿದ್ದಲ್ಲ; ಮಗು ಬೆಳೆದಂತೆ, ಸಂದರ್ಭ ಬದಲಾದಂತೆ ಕೋರ್ಟು ಅದನ್ನು ತಿದ್ದಬಹುದು. ತನ್ನ ಇಷ್ಟ ಹೇಳುವಷ್ಟು ತಿಳಿವಳಿಕೆ ಬಂದ ಮಗುವಿನ ಮಾತನ್ನೂ ಕೇಳಬಹುದು. ಅಪ್ಪಂದಿರಿಗೂ ಇದನ್ನು ಹೇಳಬೇಕು. ಕಸ್ಟಡಿ ಹೋಯಿತೆಂದು ಭೇಟಿಯನ್ನೇ ಬಿಟ್ಟುಬಿಟ್ಟ ಅಪ್ಪಂದಿರನ್ನು ನೋಡಿದ್ದೇನೆ. ಒಳ್ಳೆಯ ವಕೀಲರು ಅವರನ್ನು ಬಿಡಲು ಬಿಡುವುದಿಲ್ಲ.

ನಡುವೆ ವಕೀಲರನ್ನು ಬದಲಿಸಬಹುದೇ ಎಂದು ಪಿಸುಮಾತಿನಲ್ಲಿ ಕೇಳುತ್ತಾರೆ, ಮದುವೆ ಬದಲಿಸಿದಷ್ಟು ಅಳುಕು. ಬದಲಿಸಬಹುದು. ಬಾಕಿ ಫೀಸು ಇದ್ದರೆ ಅದನ್ನು ವಸೂಲು ಮಾಡಲು ವಕೀಲರಿಗೆ ದಾರಿಯಿದೆ, ಆದರೆ ಅದಕ್ಕಾಗಿ ಕಕ್ಷಿದಾರರ ಕಡತವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟು 2000ದಲ್ಲೇ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಹೇಳಿದೆ. ಹಾಗಾಗುವ ಮೊದಲೇ ಕೊಟ್ಟ ಪ್ರತಿ ಕಾಗದದ ನಕಲು ಮನೆಯಲ್ಲಿ ಇರಲಿ, ಮೂಲ ಪ್ರತಿಗಳನ್ನು ಬೇಕಾದಾಗ ಮಾತ್ರ ಕೊಡಿ. ಕೇಸಿನ ಸಿಎನ್‌ಆರ್ ಸಂಖ್ಯೆಯನ್ನು (ಪ್ರತಿ ಕೇಸಿಗೂ ಕೊಡುವ ಗುರುತಿನ ಸಂಖ್ಯೆ) ಕೇಳಿ ಪಡೆದರೆ ಇ-ಕೋರ್ಟ್ಸ್ ಆ್ಯಪಿನಲ್ಲಿ ಮುಂದಿನ ವಾಯ್ದೆ ಯಾವಾಗ, ಹಿಂದಿನ ದಿನ ಏನಾಯಿತು ಎಂದು ನೀವೇ ನೋಡಬಹುದು. ನಮ್ಮ ಹುಡುಗಿ ಅದನ್ನು ನೋಡಲು ಕಲಿತ ದಿನ ಅಪ್ಪನನ್ನು ಕೇಳುವುದು ನಿಲ್ಲಿಸಿದಳು. ಈಗ ಅಪ್ಪನೇ ಅವಳನ್ನು ಕೇಳುತ್ತಾರೆ.

ಎರಡನೇ ಸಲ ಒಪ್ಪಿಗೆ ಹೇಳುವ ದಿನ ಅವಳಿಗೆ ಇನ್ನೂ ಬಂದಿಲ್ಲ. ಕರಾರನ್ನು ನಾವಿಬ್ಬರೂ ಸಾಲುಸಾಲಾಗಿ ಓದುತ್ತಿದ್ದೇವೆ. ಇಂಗ್ಲಿಷಿನಲ್ಲಿ ನಾನು ಓದುತ್ತೇನೆ, ಅವಳು ಕನ್ನಡದಲ್ಲಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾಳೆ. ಓಣಂ ರಜೆ ಸೇರಿದೆ, ವಿಡಿಯೋ ಕರೆ ಸೇರಿದೆ. ಮಗುವಿನ ಆಸ್ಪತ್ರೆಯ ದೊಡ್ಡ ಖರ್ಚು ಬಂದರೆ ಯಾರು ಎಷ್ಟು ಕೊಡಬೇಕು ಎಂಬುದು ಮಾತ್ರ ಎಲ್ಲಿಯೂ ಇಲ್ಲ. ಅದನ್ನು ಸೇರಿಸಲು ಹೇಳಬೇಕೆಂದು ಬರುವ ವಾರ ವಕೀಲರ ಬಳಿ ಹೋಗುತ್ತಿದ್ದೇವೆ.